ಮೂರು ಚಕ್ರದ ಬೈಕಿನ ಸಸ್ಪೆನ್ಷನ್: ಶಾಕ್‌ಗಿಂತ ಮೊದಲು ಬಾರ್

ಟ್ರೈಕ್ ತಿರುವಿನಲ್ಲಿ ವಾಲುತ್ತದೆ ಅನ್ನಿಸಿದ ಕೂಡಲೇ ಹೆಚ್ಚಿನವರ ಕೈ ಹೋಗುವುದು ದುಬಾರಿ ಶಾಕ್ ಸೆಟ್‌ನ ಕಡೆಗೆ. ಕೊಳ್ಳುವ ವಸ್ತು ತಪ್ಪಲ್ಲ, ಸರದಿ ತಪ್ಪು. ಮುಂದೆ ಎರಡು, ಹಿಂದೆ ಒಂದು ಚಕ್ರವಿದ್ದು ಬೈಕಿನ ಹಾಗೆ ಬಾಗದ ಗಾಡಿಗಳಲ್ಲಿ, ಅಂದರೆ ಕ್ಯಾನ್-ಆ್ಯಮ್ ಸ್ಪೈಡರ್, ರೈಕರ್ ಜಾತಿಯವುಗಳಲ್ಲಿ, ಮೊದಲು ನೋಡಬೇಕಾದ್ದು ಟಯರ್ ಗಾಳಿ. ಆಮೇಲೆ ಬಾಲ್ ಜಾಯಿಂಟ್ (ಚಕ್ರದ ಗುಂಡು ಕೀಲು) ಮತ್ತು ಬುಷ್‌ಗಳ (ಕೀಲಿನೊಳಗಿನ ಮೆತ್ತನೆ ಬಳೆ) ಸವೆತ, ಆಮೇಲೆ ಆಂಟಿ-ರೋಲ್ ಬಾರ್ (ಎರಡು ಚಕ್ರಗಳನ್ನು ಜೋಡಿಸಿ, ತಾನು ತಿರುಚಿಕೊಂಡು ಗಾಡಿ ವಾಲುವುದನ್ನು ತಡೆಯುವ ಸರಳು), ಆಮೇಲೆ ಸ್ಪ್ರಿಂಗ್ ಮತ್ತು ಶಾಕ್. ಅಲೈನ್‌ಮೆಂಟ್ ಯಾವಾಗಲೂ ಕೊನೆಗೆ, ಯಾಕೆಂದರೆ ಗಾಡಿಯ ಎತ್ತರ ಬದಲಾದರೆ ಅದೂ ಬದಲಾಗುತ್ತದೆ. ಪಿಯಾಜಿಯೊ ಎಂಪಿ3, ಯಮಹಾ ನೈಕನ್‌ನಂಥ ಬಾಗುವ ಗಾಡಿಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅವು ಬಾಗಲೆಂದೇ ಹುಟ್ಟಿದವು, ಅಲ್ಲಿ ವಾಲುವುದನ್ನು ತಡೆಯುವ ಬಾರ್‌ಗೆ ಕೆಲಸವೇ ಇಲ್ಲ.

ಬಾರ್ ಯಾಕೆ ಇಷ್ಟು ಮುಖ್ಯ ಅಂದರೆ, ಹಿಂದಿನ ಒಂಟಿ ಚಕ್ರ ಗಾಡಿ ವಾಲುವುದನ್ನು ತಡೆಯಲಾರದು. ಆ ಹೊರೆಯೆಲ್ಲ ಮುಂದಿನ ಜೋಡಿಯದ್ದೇ. ಕಾರಿನ ಅನುಭವ ಇರುವವರು ಇಲ್ಲಿ ಎಡವುತ್ತಾರೆ. ಕಾರಿನಲ್ಲಿ ಮುಂದಿನ ಬಾರ್ ದಪ್ಪ ಮಾಡಿದರೆ ತಿರುವಿನಲ್ಲಿ ಒಳಗಿಂದ ಹೊರಗಿನ ಚಕ್ರಕ್ಕೆ ಸರಿಯುವ ಭಾರದಲ್ಲಿ ಮುಂದಿನ ಪಾಲು ಹೆಚ್ಚುತ್ತದೆ, ಮುಂದಿನ ಟಯರ್‌ಗಳು ಬೇಗ ಸೋಲುತ್ತವೆ, ಗಾಡಿ ತಿರುವಿನಿಂದ ಹೊರಕ್ಕೆ ಜಾರುತ್ತದೆ. ಟ್ರೈಕ್‌ನಲ್ಲಿ ಹಾಗಾಗುವುದಿಲ್ಲ, ಯಾಕೆಂದರೆ ಆ ಭಾರ ಸರಿಯುವುದೇ ಮುಂದಿನ ಎರಡು ಚಕ್ರಗಳ ನಡುವೆ, ಪಾಲು ಮಾಡಿಕೊಳ್ಳಲು ಹಿಂದೆ ಯಾರೂ ಇಲ್ಲ. ಎಷ್ಟು ಸರಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಗಾಡಿಯ ಭಾರಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ತಿರುವಿನ ವೇಗ. ದಪ್ಪ ಬಾರ್ ವಾಲುವ ಕೋನವನ್ನು ಕಡಿಮೆ ಮಾಡುತ್ತದೆ, ಹ್ಯಾಂಡಲ್ ತಿರುಗಿಸಿದ್ದಕ್ಕೂ ಗಾಡಿ ತಿರುಗಿದ್ದಕ್ಕೂ ನಡುವಿನ ಆ ಸಣ್ಣ ತಡವರಿಕೆಯನ್ನು ಅಳಿಸುತ್ತದೆ. ಅಷ್ಟೇ.

ಅಷ್ಟೇ ಅಂದದ್ದು ಬೇಕೆಂದೇ. ದಪ್ಪ ಬಾರ್ ಹಾಕಿದ ಮೇಲೆ ಒಳಗಿನ ಚಕ್ರ ಏಳುವುದೇ ಇಲ್ಲ ಎಂದು ನಂಬಿದವರಿದ್ದಾರೆ. ಏಳುವ ಮಿತಿ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಮೊದಲು ಗಾಡಿ ವಾಲಿ ವಾಲಿ ಎಚ್ಚರಿಸುತ್ತಿತ್ತು, ಈಗ ಆ ಎಚ್ಚರಿಕೆ ಕಡಿಮೆ.

ದಪ್ಪದ ವಿಷಯದಲ್ಲಿ ಆಸೆಬುರುಕುತನ ಬೇಡ. ಗಟ್ಟಿ ಸರಳಿನ ತಿರುಚು ಬಿಗಿತ ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತದೆ. ತೋಳಿನ ಉದ್ದ ಅಷ್ಟೇ ಇಟ್ಟುಕೊಂಡು 19 ಮಿ.ಮೀ. ಬಾರ್ ಬದಲು 22 ಮಿ.ಮೀ. ಹಾಕಿದರೆ ಬಿಗಿತ ಸುಮಾರು 1.8 ಪಟ್ಟು. ಇದಕ್ಕೆ ತೆರಬೇಕಾದ ಬೆಲೆ ಗುಂಡಿಯಲ್ಲಿ ತಿಳಿಯುತ್ತದೆ: ಒಂದು ಚಕ್ರ ಗುಂಡಿಗಿಳಿದರೆ ಬಾರ್ ಇನ್ನೊಂದು ಚಕ್ರವನ್ನೂ ಎಳೆಯುತ್ತದೆ, ಸೀಟಿನಲ್ಲಿ ಕೂತವರ ಸೊಂಟ ಅಡ್ಡಡ್ಡ ಕುಲುಕುತ್ತದೆ. ಹದಗೆಟ್ಟ ರಸ್ತೆಯಲ್ಲೇ ಹೆಚ್ಚು ಓಡುವ ಗಾಡಿಗೆ ಒಂದು ಮೆಟ್ಟಿಲು ದಪ್ಪ ಸಾಕು.

ಬಾರ್ ಬದಲಿಸುವಾಗ ಮುಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಎತ್ತಿ, ಫ್ರೇಮಿನ ಕೆಳಗೆ ಎರಡು ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡೆ ಇಡಿ. ಒಂದೇ ಕಡೆ ಎತ್ತಿದರೆ ಬಾರ್ ತಿರುಚಿಕೊಂಡು ಕೂತಿರುತ್ತದೆ, ಬಾರ್ ತುದಿಯನ್ನು ಚಕ್ರದ ತೋಳಿಗೆ ಸೇರಿಸುವ ಕಡ್ಡಿಯ, ಅಂದರೆ ಲಿಂಕ್‌ನ, ಬೋಲ್ಟು ಹೊರಬರಲು ಮುಷ್ಕರ ಹೂಡುತ್ತದೆ, ಬಂದಾಗ ಬಾರ್ ಸಿಡಿದು ಬೆರಳು ಜಜ್ಜುತ್ತದೆ. ಎರಡೂ ಲಿಂಕ್ ಬಿಚ್ಚಿ, ಬುಷ್ ಕ್ಲಾಂಪ್ ತೆಗೆದು, ಹ್ಯಾಂಡಲ್ ಒಂದು ಕಡೆಗೆ ಪೂರ್ತಿ ತಿರುಗಿಸಿದರೆ ಹಳೇ ಬಾರ್ ಜಾರಲು ಜಾಗ ಸಿಗುತ್ತದೆ. ಹೊಸ ಬುಷ್ ಪಾಲಿಯುರೆಥೇನ್ ಆಗಿದ್ದರೆ ಒಳಮೈಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಗ್ರೀಸ್ ಇಲ್ಲದೆ ಹಾಕಿದರೆ ಕೆಲವೇ ದಿನಕ್ಕೆ ಬಾಗಿಲ ಕೀಲಿನಂತೆ ಕಿರುಗುಟ್ಟುತ್ತದೆ. ಕ್ಲಾಂಪ್ ಬಿಗಿದ ಮೇಲೂ, ಲಿಂಕ್ ಸೇರಿಸುವ ಮೊದಲು, ಬಾರ್ ಕೈಯಿಂದ ಮೇಲೆ ಕೆಳಗೆ ಆಡಬೇಕು. ಆಡದಿದ್ದರೆ ಬುಷ್‌ನ ಅಳತೆ ತಪ್ಪಿದೆ.

ಈಗ ಲಿಂಕ್. ಹೆಚ್ಚಿನ ಕೆಲಸ ಕೆಡುವುದು ಇಲ್ಲೇ. ಒಂದು ಕಡೆಯ ಲಿಂಕ್ ಮಾತ್ರ ಪೂರ್ತಿ ಸೇರಿಸಿ, ಗಾಡಿಯನ್ನು ಸಮತಟ್ಟು ನೆಲಕ್ಕಿಳಿಸಿ, ಒಂದೆರಡು ಮೀಟರ್ ಹಿಂದೆ ಮುಂದೆ ಉರುಳಿಸಿ, ಸವಾರರನ್ನು ಸೀಟಿನಲ್ಲಿ ಕೂರಿಸಿ. ಇನ್ನೊಂದು ಕಡೆಯ ಲಿಂಕ್‌ನ ಉದ್ದವನ್ನು ಅರ್ಧರ್ಧ ಸುತ್ತು ತಿರುಗಿಸುತ್ತಾ, ಬೋಲ್ಟು ರಂಧ್ರದೊಳಗೆ ಬರೀ ಬೆರಳ ಒತ್ತಿಗೆ ಜಾರಿಹೋಗುವ ಹಾಗೆ ಮಾಡಿ. ಸುತ್ತಿಗೆ ಬೇಕಾಯಿತು ಅಂದರೆ ಬಾರ್ ಆಗಲೇ ತಿರುಚಿದೆ ಎಂದರ್ಥ, ನಿಂತಲ್ಲೇ ಗಾಡಿಯ ಮೈ ಒಂದು ಕಡೆಗೆ ಓರೆಯಾಗುತ್ತದೆ, ಎಡ ಬಲ ತಿರುವುಗಳು ಬೇರೆ ಬೇರೆ ಅನ್ನಿಸುತ್ತವೆ. ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವುದು) ಬಿಚ್ಚಿದ್ದರೆ ಹೊಸದು ಹಾಕಿ, ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಹ್ಯಾಂಡಲ್ ಈ ತುದಿಯಿಂದ ಆ ತುದಿಗೆ ತಿರುಗಿಸಿ ಬ್ರೇಕ್ ಹೋಸು, ಎಬಿಎಸ್ ವೈರು ಎಲ್ಲೂ ಬಾರ್‌ಗೆ ಉಜ್ಜುತ್ತಿಲ್ಲ ಎಂದು ನೋಡಿಕೊಳ್ಳಿ.

ಇಷ್ಟಾದ ಮೇಲೂ ಮೂತಿ ಮುಳುಗುವುದು, ಗುಂಡಿಯಲ್ಲಿ ತಳ ಬಡಿಯುವುದು ನಿಲ್ಲದಿದ್ದರೆ ಆಗ ಸ್ಪ್ರಿಂಗ್. ಮೊದಲು ಸ್ಯಾಗ್, ಅಂದರೆ ಭಾರಕ್ಕೆ ಗಾಡಿ ಕುಸಿಯುವ ಅಳತೆ, ಅಳೆಯಿರಿ: ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಅಚ್ಚಿನಿಂದ ನೇರ ಮೇಲಿನ ಒಂದು ಗುರುತಿಗೆ ಎಷ್ಟು, ಸವಾರರು ಕೂತಾಗ ಎಷ್ಟು. ವ್ಯತ್ಯಾಸ ಚಕ್ರದ ಒಟ್ಟು ಓಡಾಟದ 25–30% ಇರಲಿ, 150 ಮಿ.ಮೀ. ಓಡಾಟವಿದ್ದರೆ 38ರಿಂದ 45 ಮಿ.ಮೀ. ಪ್ರಿಲೋಡ್ ರಿಂಗ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಳೆ) ತಿರುಗಿಸಿದರೆ ಸ್ಪ್ರಿಂಗ್ ಗಡುಸಾಗುವುದಿಲ್ಲ, ಗಾಡಿ ಮೇಲೇಳುತ್ತದೆ ಅಷ್ಟೇ. ರಿಂಗ್ ಎಷ್ಟು ತಿರುಗಿಸಿದರೂ ಸ್ಯಾಗ್ ದಾರಿಗೆ ಬರದಿದ್ದರೆ ಸ್ಪ್ರಿಂಗ್ ಆ ಭಾರಕ್ಕೆ ಮೆದು.

ಇನ್ನೊಂದು ಮಾತು. ಮೂರು ಕಾಲಿನ ಸ್ಟೂಲ್ ಯಾವ ನೆಲದ ಮೇಲೂ ಕುಂಟುವುದಿಲ್ಲ, ಟ್ರೈಕ್ ಕೂಡ ಹಾಗೆಯೇ. ಎಡ ಬಲ ಪ್ರಿಲೋಡ್ ಹೆಚ್ಚುಕಮ್ಮಿಯಾದರೂ ಚಕ್ರಗಳ ಮೇಲಿನ ಭಾರ ಕಾರಿನಲ್ಲಿ ಬದಲಾಗುವಂತೆ ಬದಲಾಗದು. ಮೈ ಮಾತ್ರ ಓರೆಯಾಗುತ್ತದೆ. ಆದ್ದರಿಂದ ಕಣ್ಣಂದಾಜು ಬಿಟ್ಟು ಎರಡೂ ಕಡೆಯ ಸ್ಪ್ರಿಂಗ್ ಉದ್ದವನ್ನು ವರ್ನಿಯರ್‌ನಲ್ಲಿ ಅಳೆದು ಸಮ ಮಾಡಿ.

ಸ್ಪ್ರಿಂಗ್ ಮೇಲೆ ಬರೆದ ಸಂಖ್ಯೆ ಚಕ್ರಕ್ಕೆ ಹಾಗೇ ತಲುಪುವುದಿಲ್ಲ. ಚಕ್ರ 50 ಮಿ.ಮೀ. ಏರಿದಾಗ ಶಾಕ್ 30 ಮಿ.ಮೀ. ಕುಗ್ಗಿದರೆ ಅನುಪಾತ 0.6. ಚಕ್ರಕ್ಕೆ ತಲುಪುವ ಬಿಗಿತ ಅದರ ವರ್ಗದಷ್ಟು, ಅಂದರೆ 0.36 ಪಾಲು. ಮಿ.ಮೀ.ಗೆ 60 ನ್ಯೂಟನ್ ಸ್ಪ್ರಿಂಗ್ ಚಕ್ರದ ಬಳಿ 21.6 ನ್ಯೂಟನ್ ಮಾತ್ರ. ಬೇರೆ ಮಾದರಿಯವರು ಯಾವ ಸ್ಪ್ರಿಂಗ್ ಹಾಕಿದರು ಎಂದು ಕೇಳಿ ಅದನ್ನೇ ತರಿಸಿದರೆ ಕೈಸುಡುವುದು ಇದಕ್ಕೇ. ಇನ್ನು, ಗಡುಸು ಸ್ಪ್ರಿಂಗನ್ನು ಹಳೇ ಶಾಕ್ ಮೇಲೆ ಕೂರಿಸುವ ಉಳಿತಾಯ ಉಳಿಯುವುದಿಲ್ಲ. ಬಿಗಿತ 30% ಏರಿದರೆ ಕುಣಿತ ಮೊದಲಿನಷ್ಟೇ ಸಲದಲ್ಲಿ ಅಡಗಲು ಡ್ಯಾಂಪಿಂಗ್ (ಕುಣಿತ ತಡೆಯುವ ಶಾಕ್‌ನ ಹಿಡಿತ) ಸುಮಾರು 14% ಏರಬೇಕು. ಏರದಿದ್ದರೆ ಉಬ್ಬು ದಾಟಿದ ಮೇಲೂ ಮೂತಿ ಎರಡು ಮೂರು ಸಲ ತಲೆಯಾಡಿಸುತ್ತದೆ.

ಅಗ್ಗದ ಪ್ಲಾಸ್ಟಿಕ್ ಸ್ಪೇಸರ್‌ಗಳ ಬಗ್ಗೆ ನನಗೆ ಒಲವಿಲ್ಲ. ಶಾಕ್ ಪೂರ್ತಿ ನೀಡಿಕೊಂಡಾಗ ಸ್ಪ್ರಿಂಗ್ 210 ಮಿ.ಮೀ., ಸುರುಳಿಗಳೆಲ್ಲ ಒಂದಕ್ಕೊಂದು ತಾಗಿದಾಗ 100 ಮಿ.ಮೀ., ಶಾಕ್‌ನ ಓಡಾಟ 90 ಎಂದಿಟ್ಟುಕೊಳ್ಳಿ. 20 ಮಿ.ಮೀ. ಬಿಡುವಿದೆ. 25 ಮಿ.ಮೀ. ಸ್ಪೇಸರ್ ತುರುಕಿದರೆ ಉಳಿಯುವುದು 85, ಶಾಕ್ ತುದಿ ಮುಟ್ಟುವ ಮೊದಲೇ ಸುರುಳಿಗಳು ಕಬ್ಬಿಣದ ಕೊಳವೆಯಾಗುತ್ತವೆ. ಆ ಹೊಡೆತ ನೇರ ಶಾಕ್‌ನ ಕಣ್ಣಿಗೂ ಚಕ್ರವನ್ನು ಫ್ರೇಮಿಗೆ ಹಿಡಿಯುವ ತೋಳಾದ ಎ-ಆರ್ಮ್‌ನ ಬ್ರಾಕೆಟ್‌ಗೂ ಹೋಗುತ್ತದೆ.

ಹೊಸ ಶಾಕ್‌ನಲ್ಲಿ ರಿಬೌಂಡ್ ಕ್ಲಿಕ್ (ಕುಗ್ಗಿದ ಶಾಕ್ ಮತ್ತೆ ನೀಳುವ ವೇಗ ಹಿಡಿಯುವ ತಿರುಪು) ಇದ್ದರೆ ಪೂರ್ತಿ ಮುಚ್ಚಿ, ಅಲ್ಲಿಂದ ಹಿಂದಕ್ಕೆ ಎಣಿಸಿ, ಎರಡೂ ಕಡೆ ಒಂದೇ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಾಲು ಸಾಲು ಉಬ್ಬುಗಳಲ್ಲಿ ಗಾಡಿ ಒಂದೊಂದಕ್ಕೂ ಇನ್ನಷ್ಟು ಕುಸಿಯುತ್ತಾ ಗಡುಸಾದರೆ ರಿಬೌಂಡ್ ಅತಿಯಾಗಿದೆ, ಎರಡು ಕ್ಲಿಕ್ ಬಿಡಿ. ರಬ್ಬರ್ ಬುಷ್ ಇರುವ ಎ-ಆರ್ಮ್ ಬೋಲ್ಟುಗಳನ್ನು ಚಕ್ರ ತೂಗುತ್ತಿರುವಾಗ ಬಿಗಿಯಬೇಡಿ. ನೆಲಕ್ಕಿಳಿದಾಗ ಬುಷ್ ತಿರುಚಿಕೊಂಡೇ ಬದುಕಬೇಕಾಗುತ್ತದೆ, ಬೇಗ ಹರಿಯುತ್ತದೆ.

ಹಿಂದಿನ ಶಾಕ್‌ಗೆ ಹೆಚ್ಚು ಹೇಳುವುದಿಲ್ಲ. ಜೊತೆ ಸವಾರರು, ಸಾಮಾನು ಇದ್ದಾಗ ಪ್ರಿಲೋಡ್ ಏರಿಸಿ, ಇಲ್ಲದಾಗ ಇಳಿಸಿ. ಹಿಂದೆ ಅತಿ ಎತ್ತರವಾದರೆ ಮೂತಿ ಬಗ್ಗಿ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ, ವೇಗದಲ್ಲಿ ಹ್ಯಾಂಡಲ್ ಚಂಚಲವಾಗುತ್ತದೆ. ಮುಂದೆ ಒಂದು, ಹಿಂದೆ ಎರಡು ಚಕ್ರದ ಟ್ರೈಕ್‌ಗಳಿಗೆ ಮೇಲಿನ ಬಾರ್ ಲೆಕ್ಕ ಹಿಂದಿನ ಜೋಡಿಗೆ ಅನ್ವಯಿಸುತ್ತದೆ, ಆದರೆ ಅಲ್ಲಿ ತಿರುವಿನೊಳಗೆ ಬ್ರೇಕ್ ಹಿಡಿದರೆ ಭಾರ ಒಂಟಿ ಚಕ್ರದ ಕಡೆಗೆ ಹೋಗಿ ಮಗುಚುವ ಅಪಾಯ ಹೆಚ್ಚುತ್ತದೆ. ಮುಂದಿನ ಫೋರ್ಕ್‌ನ ಸ್ಪ್ರಿಂಗ್ ಗಡುಸು ಮಾಡಿದರೆ ಮುಳುಗುವುದು ಕಡಿಮೆಯಾಗಬಹುದು, ಆ ಅಪಾಯ ಹೋಗುವುದಿಲ್ಲ.

ಕೊನೆಗೆ ಅಲೈನ್‌ಮೆಂಟ್, ಸವಾರರ ಭಾರ ಸೀಟಿನ ಮೇಲಿರುವಾಗಲೇ. ಹ್ಯಾಂಡಲ್ ತಿರುವನ್ನು ಚಕ್ರಕ್ಕೆ ತಲುಪಿಸುವ ಟೈ ರಾಡ್‌ಗಳನ್ನು ಸಮವಾಗಿ ತಿರುಗಿಸದಿದ್ದರೆ ಗಾಡಿ ನೇರ ಹೋಗುವಾಗ ಹ್ಯಾಂಡಲ್ ಓರೆ ನಿಲ್ಲುತ್ತದೆ. ಆಗ ಸ್ಟೀರಿಂಗ್ ಸೆನ್ಸರ್ ಸವಾರರು ತಿರುಗಿಸುತ್ತಿದ್ದಾರೆ ಎಂದು ತಿಳಿದು, ಸ್ಟೆಬಿಲಿಟಿ ವ್ಯವಸ್ಥೆ ಬೇಡದ ಹೊತ್ತಲ್ಲಿ ಬ್ರೇಕ್ ಹಿಡಿಯಬಹುದು. ಹೆಡ್‌ಲೈಟ್ ಎತ್ತರವನ್ನೂ ಆಗಲೇ ಸರಿ ಮಾಡಿ.

ಓಡಿಸಲು ಹೊರಡುವ ಮೊದಲು ಎರಡೂ ಮುಂದಿನ ಶಾಕ್‌ಗಳ ಹೊಳೆಯುವ ರಾಡ್‌ಗೆ ಒಂದೊಂದು ಜಿಪ್ ಟೈ ಕಟ್ಟಿ, ಸೀಲ್‌ವರೆಗೆ ಜಾರಿಸಿ. ಮಾಮೂಲಿ ರಸ್ತೆಯಲ್ಲಿ 50 ಕಿ.ಮೀ. ಓಡಿಸಿ ಬಂದು, ಲಿಂಕ್ ಮತ್ತು ಕ್ಲಾಂಪ್ ಬೋಲ್ಟುಗಳ ಟಾರ್ಕ್ ಮತ್ತೊಮ್ಮೆ ನೋಡುವಾಗ ಟೈ ಎಲ್ಲಿ ನಿಂತಿದೆ ನೋಡಿ. ಶಾಕ್‌ನ ಓಡಾಟದ ಕೊನೆಯಲ್ಲಿ ಹೊಡೆತ ತಾಳುವ ಬಂಪ್ ರಬ್ಬರ್‌ಗೆ 5–10 ಮಿ.ಮೀ. ಮೊದಲು ನಿಂತಿದ್ದರೆ ಏನನ್ನೂ ಮುಟ್ಟಬೇಡಿ. ಅರ್ಧದಲ್ಲೇ ನಿಂತಿದ್ದರೆ ಸ್ಪ್ರಿಂಗ್ ಗಡುಸಾಯಿತು. ರಬ್ಬರ್‌ನೊಳಗೆ ಹೂತುಹೋಗಿದ್ದರೆ ಮೆದು.