ಶೇಷದ ಹಲಗೆ: ಲಕ್ಷದ ಅಲ್ಪವಿರಾಮಕ್ಕೆ ಏಳು ಕೊನೆಗೂ ಬಗ್ಗಿತು

ಶೇಷ ನೋಡಿ ಲೆಕ್ಕ ಪರೀಕ್ಷಿಸುವ ನಮ್ಮ ಮರದ ಹಲಗೆಯ ಏಳರ ಮುಖ, ಅಂದರೆ 7ರಿಂದ ಭಾಗಿಸಿದಾಗ ಉಳಿಯುವ ಶೇಷ ತೋರಿಸುವ ಬದಿ, ಮುಗಿಯಿತು. 2, 4, 5, 8, 3, 9ರಿಂದ ಭಾಗ ಹೋಗುತ್ತದೆಯೇ ಎಂದು ನೋಡುವ ನಿಯಮಗಳನ್ನು ಇಲ್ಲಿ ಬರೆಯುವುದಿಲ್ಲ. ಕೊನೆಯ ಅಂಕಿ ನೋಡು, ಕೊನೆಯ ಎರಡಂಕಿ ನೋಡು, ಅಂಕಿಗಳನ್ನು ಕೂಡು ಅನ್ನುವುದೆಲ್ಲ ಇದನ್ನು ಓದುವವರಿಗೆ ಬಾಯಿಪಾಠ. ಕ್ಯಾಲ್ಕುಲೇಟರ್ ಇಲ್ಲವೇನ್ರಿ ಎಂದು ಕೇಳುವವರು ಇಲ್ಲಿಗೇ ನಿಲ್ಲಿಸಬಹುದು, ಬೇಜಾರಿಲ್ಲ. ತಪ್ಪು ಅಂಕಿ ಒತ್ತಿದರೆ ಕ್ಯಾಲ್ಕುಲೇಟರ್ ತಪ್ಪು ಉತ್ತರವನ್ನೇ ಠೀವಿಯಿಂದ ಕೊಡುತ್ತದೆ ಎಂಬುದಷ್ಟೇ ನಮ್ಮ ವಾದ.

ಹೊಸಬರಿಗೆ ಎರಡು ಸಾಲು: ಅಡತಿ ಪಟ್ಟಿ (ದಲ್ಲಾಳಿ ಅಂಗಡಿಯ ಲೆಕ್ಕದ ಚೀಟಿ), ಬಿಲ್ಲು, ಖಾತೆ ಪುಸ್ತಕದ ಗುಣಾಕಾರಗಳನ್ನು ಮತ್ತೆ ಗುಣಿಸದೆ, ಉದ್ದ ಭಾಗಾಕಾರಕ್ಕೂ ಕೈ ಹಾಕದೆ, ಬರೀ ಶೇಷ ಹೊಂದಿಸಿ ಪರೀಕ್ಷಿಸುವ ಹಲಗೆ ಇದು. ಎರಡು ಸಂಖ್ಯೆಗಳ ಶೇಷಗಳನ್ನು ಗುಣಿಸಿದರೆ ಗುಣಲಬ್ಧದ ಶೇಷ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ.

ಉದಾಹರಣೆಗೆ ಕ್ವಿಂಟಲ್‌ಗೆ 6,387 ರೂಪಾಯಿಯಂತೆ 248 ಕ್ವಿಂಟಲ್ ತೊಗರಿ. ಮೊತ್ತ 15,83,976. ಒಂಬತ್ತರ ಶೇಷ ನೋಡಿ (ಒಂದೇ ಅಂಕಿ ಉಳಿಯುವವರೆಗೆ ಅಂಕಿಗಳನ್ನು ಕೂಡುತ್ತ ಹೋದರೆ ಸಿಗುತ್ತದೆ): 6387ಕ್ಕೆ 6, 248ಕ್ಕೆ 5, ಗುಣಿಸಿದರೆ 30, ಅಂದರೆ 3. ಮೊತ್ತದ ಅಂಕಿಗಳನ್ನು ಕೂಡಿದರೆ 39, 12, 3. ಸರಿ. ಈಗ ಬರೆಯುವವನ ಕೈ ತಪ್ಪಿ 15,38,976 ಆಯಿತು ಎನ್ನಿ. ಅಂಕಿಗಳು ಅವೇ, ಮೊತ್ತವೂ ಅದೇ 39. ಒಂಬತ್ತು ತಲೆಯಾಡಿಸಿಬಿಡುತ್ತದೆ. 45 ಸಾವಿರ ರೂಪಾಯಿ ಮಾಯ. ಅಕ್ಕಪಕ್ಕದ ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವತ್ತೂ 9ರ ಗುಣಕವೇ, ಹಾಗಾಗಿ ಒಂಬತ್ತಕ್ಕೆ ಅದು ಕಾಣುವುದೇ ಇಲ್ಲ. 11ಕ್ಕೆ ಕಾಣುತ್ತದೆ: ಸರಿಯಾದ ಮೊತ್ತದ ಶೇಷ 9, ತಪ್ಪಿನದು 10.

ಹಾಗಾದರೆ 9 ಮತ್ತು 11 ಇಟ್ಟುಕೊಂಡು ಸುಮ್ಮನಿರಬಹುದಲ್ಲ, 7 ಯಾಕೆ? ಲಕ್ಷದ ಜೋಡಿಯನ್ನೂ ಸಾವಿರದ ಜೋಡಿಯನ್ನೂ ಇಡಿಯಾಗಿ ಅದಲುಬದಲು ಮಾಡಿ ನೋಡಿ: 83,15,976. ಒಬ್ಬರು ಓದಿ ಇನ್ನೊಬ್ಬರು ಬರೆಯುವಾಗ ಆಗುವ ತಪ್ಪು ಇದು. ವ್ಯತ್ಯಾಸ 99,000ದ ಗುಣಕ. 99 ಎಂದರೆ 9 ಗುಣಿಸು 11. ಎರಡೂ ಕಾವಲುಗಾರರು ಒಟ್ಟಿಗೇ ನಿದ್ದೆಗೆ ಜಾರುತ್ತಾರೆ. 7 ಎಚ್ಚರ ಇರುತ್ತದೆ: ಸರಿಯಾದ ಮೊತ್ತಕ್ಕೆ ಶೇಷ 2, ಇದಕ್ಕೆ 4. ಎರಡು ಜೋಡಿಗಳ ವ್ಯತ್ಯಾಸವೇ 7ರ ಗುಣಕವಾದಾಗ ಮಾತ್ರ ಅದೂ ಮೋಸ ಹೋಗುತ್ತದೆ.

ಸರಿ, ಏಳಕ್ಕೆ ಯಾವ ನಿಯಮ? ಎಲ್ಲರಿಗೂ ಗೊತ್ತಿರುವುದು: ಕೊನೆಯ ಅಂಕಿಯನ್ನು ದುಪ್ಪಟ್ಟು ಮಾಡಿ ಉಳಿದದ್ದರಿಂದ ಕಳೆಯಿರಿ. ಕಲಬುರಗಿ ಪಿನ್‌ಕೋಡ್ 585101 ತೆಗೆದುಕೊಳ್ಳಿ. 58510 − 2 = 58508. 5850 − 16 = 5834. 583 − 8 = 575. 57 − 10 = 47. 47ನ್ನು ಏಳರಿಂದ ಭಾಗಿಸಿದರೆ ಶೇಷ 5. ಆದರೆ 585101ರ ನಿಜವಾದ ಶೇಷ 6! ಭಾಗ ಹೋಗುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಈ ನಿಯಮ ಎಂದೂ ಸುಳ್ಳು ಹೇಳುವುದಿಲ್ಲ, ಶೇಷವನ್ನು ಮಾತ್ರ ಪ್ರತಿ ಹೆಜ್ಜೆಗೂ −2ರಿಂದ ಗುಣಿಸಿ ಕೆಡಿಸುತ್ತದೆ. ನಾಲ್ಕು ಹೆಜ್ಜೆ ಎಂದರೆ 16, ಏಳರ ಶೇಷದಲ್ಲಿ 2. 6 ಗುಣಿಸು 2 ಎಂದರೆ 12, ಅಂದರೆ 5. ಮೂಲ ಶೇಷ ವಾಪಸ್ ಬೇಕೆಂದರೆ ಹೆಜ್ಜೆಗೊಂದರಂತೆ 3ರಿಂದ ಗುಣಿಸುತ್ತ ಬರಬೇಕು. ಪಟ್ಟಿ ಪರೀಕ್ಷೆಗೆ ಇದು ನಿರುಪಯೋಗಿ. 13ಕ್ಕೆ ನಾಲ್ಕರಷ್ಟು ಕೂಡುವ, 17ಕ್ಕೆ ಐದರಷ್ಟು ಕಳೆಯುವ, 19ಕ್ಕೆ ಎರಡರಷ್ಟು ಕೂಡುವ ನಿಯಮಗಳದ್ದೂ ಇದೇ ರೋಗ. ಅವಿಭಾಜ್ಯ ಹುಡುಕುವವರಿಗೆ ಅವು ಚಿನ್ನ, ಲೆಕ್ಕ ತಾಳೆ ನೋಡುವವರಿಗಲ್ಲ.

(585101ಕ್ಕೆ 11ರಿಂದ ನಿಶ್ಶೇಷವಾಗಿ ಭಾಗ ಹೋಗುತ್ತದೆ: 11 × 53191. ಬೀದರ್‌ನ 585401ಕ್ಕೆ ಆ ಭಾಗ್ಯವಿಲ್ಲ, 3 ಉಳಿಯುತ್ತದೆ. ಬೀದರ್‌ನವರು ಕ್ಷಮಿಸಬೇಕು.)

ಹಲಗೆಯ ಮೊದಲ ರೂಪ ಎಡದಿಂದ ಬಲಕ್ಕೆ ಹೋಗುವ ವಿಧಾನದ್ದು. ವೃತ್ತದ ಮೇಲೆ 0ಯಿಂದ 6ರವರೆಗೆ ಏಳು ತೂತು, ಒಂದು ಗೂಟ. ಹೊಸ ಅಂಕಿ ಬಂದಾಗಲೆಲ್ಲ ಇದ್ದ ಶೇಷ 10ರಷ್ಟಾಗಬೇಕು, 10ಕ್ಕೆ ಏಳರ ಶೇಷ 3 ಆದ್ದರಿಂದ ಏಳರ ಲೋಕದಲ್ಲಿ ಅದು ಮೂರರಷ್ಟು. ಹಾಗಾಗಿ ತೂತಿನ ಪಕ್ಕ ಕೆಂಪಿನಲ್ಲಿ ಜಿಗಿತದ ಸಂಖ್ಯೆ: 1ರ ಪಕ್ಕ 3, 2ಕ್ಕೆ 6, 3ಕ್ಕೆ 2, 4ಕ್ಕೆ 5, 5ಕ್ಕೆ 1, 6ಕ್ಕೆ 4. ಜಿಗಿದು, ಆಮೇಲೆ ಅಂಕಿಯಷ್ಟು ಮನೆ ಮುಂದೆ. 585101ಕ್ಕೆ ಗೂಟ ಓಡುವ ದಾರಿ 5, 2, 4, 6, 4, 6. ಕೊನೆಯ 6 ಸರಿ. ಜಿಗಿತಗಳನ್ನು ದಾರ ಕಟ್ಟಿ ತೋರಿಸುವ ಆಸೆ ಇರುವವರಿಗೆ ಒಂದು ಮಾತು: ದಾರಕ್ಕೆ ದಿಕ್ಕಿಲ್ಲ. 2ರಿಂದ 6ಕ್ಕೋ 6ರಿಂದ 2ಕ್ಕೋ ಎಂದು ದಾರ ಹೇಳುವುದಿಲ್ಲ. ತೂತುಗಳನ್ನು 1, 3, 2, 6, 4, 5 ಕ್ರಮದಲ್ಲಿ ಕೊರೆದರೆ ಜಿಗಿತ ಒಂದೇ ಮನೆಯಾಗುತ್ತದೆ, ಆದರೆ ಆಗ ಕೂಡುವುದು ಅಡ್ಡಾದಿಡ್ಡಿ. ಎರಡರಲ್ಲಿ ಒಂದೇ ಸುಖ.

ಇದು ಕೆಲಸ ಮಾಡುತ್ತದೆ, ಆದರೆ ಎಂಟಂಕಿಯ ಮೊತ್ತಕ್ಕೆ ಎಂಟು ಜಿಗಿತ, ಎಂಟು ನಡಿಗೆ. ನಡುವೆ ಯಾರಾದರೂ ಚಹಾ ಕುಡೀತೀರೇನ್ರಿ ಅಂದರೆ ಮತ್ತೆ ಸೊನ್ನೆಯಿಂದ. ಅದಕ್ಕೇ ಎಲ್ಲರೂ 1001ರ ಉಪಾಯಕ್ಕೆ ಹೋಗುವುದು: 7 × 11 × 13 = 1001, ಆದ್ದರಿಂದ ಮೂರು ಮೂರು ಅಂಕಿಯ ಗುಂಪು ಮಾಡಿ ಬಲದಿಂದ ಕೂಡು, ಕಳೆ, ಕೂಡು. ಶೇಷ ಕೆಡುವುದಿಲ್ಲ, ಮೂರು ಭಾಜಕಗಳಿಗೆ ಒಂದೇ ಲೆಕ್ಕ.

ಕಾಗದದ ಮೇಲೆ ಚೆಂದ. ಪಟ್ಟಿಯ ಮೇಲೆ ಇಟ್ಟ ಕೂಡಲೇ ಮುರಿದು ಬೀಳುತ್ತದೆ, ಯಾಕೆಂದರೆ ಪಟ್ಟಿಯಲ್ಲಿರುವುದು 1,583,976 ಅಲ್ಲ, 15,83,976. ಕಣ್ಣು ಅಲ್ಪವಿರಾಮದ ಹತ್ತಿರವೇ ಕತ್ತರಿಸುತ್ತದೆ. 976 − 83 + 15 = 908, ಶೇಷ 5. ಬರಬೇಕಾದದ್ದು 2. ಸರಿಯಾದ ಪಟ್ಟಿಗೇ ತಪ್ಪಿನ ಮುದ್ರೆ! ಲಕ್ಷದ ಜೋಡಿ ಒಡೆದು 5ನ್ನು ಸಾವಿರದ ಕಡೆ ತಳ್ಳಿ ಎಂದು ಹೇಳುವುದು ಸುಲಭ. ಹತ್ತಾರು ಮೊತ್ತ ಸಾಲಾಗಿ ನೋಡುವಾಗ ಪ್ರತಿಯೊಂದನ್ನೂ ತಲೆಯಲ್ಲೇ ಒಡೆದು ಜೋಡಿಸುವುದು ಹೊಸ ತಪ್ಪುಗಳ ಕಾರ್ಖಾನೆ.

ಪರಿಹಾರ ಕಂಡದ್ದು ಅಲ್ಪವಿರಾಮವನ್ನು ಬದಲಿಸುವುದು ಬಿಟ್ಟು ನಿಯಮವನ್ನೇ ಅದಕ್ಕೆ ಹೊಲಿದಾಗ. ಬೇಕಾದದ್ದು ಸಾವಿರ, ಲಕ್ಷ, ಕೋಟಿಗಳ ಶೇಷ ಅಷ್ಟೇ. 1,001 ಏಳರ ಗುಣಕ, ಸಾವಿರ ಅದಕ್ಕಿಂತ ಒಂದು ಕಡಿಮೆ, ಆದ್ದರಿಂದ ಸಾವಿರದ ಶೇಷ ಎಂದರೆ −1. 1,00,002 = 7 × 14,286, ಆದ್ದರಿಂದ ಲಕ್ಷ −2. 99,99,997 = 7 × 14,28,571, ಆದ್ದರಿಂದ ಕೋಟಿ +3. ಹೀಗೆ ಮೂರು ಭಾಜಕಕ್ಕೂ (ಸಾವಿರ, ಲಕ್ಷ, ಕೋಟಿ ಎಂದರೆ ಅಲ್ಪವಿರಾಮ ಬೇರ್ಪಡಿಸಿದ ಆಯಾ ಗುಂಪಿನ ಅಂಕಿಗಳು):

7: ಕೊನೆಯ ಮೂರಂಕಿ − ಸಾವಿರ − 2 × ಲಕ್ಷ + 3 × ಕೋಟಿ
11: ಕೊನೆಯ ಮೂರಂಕಿ − ಸಾವಿರ − ಲಕ್ಷ − ಕೋಟಿ
13: ಕೊನೆಯ ಮೂರಂಕಿ − ಸಾವಿರ + 4 × ಲಕ್ಷ − 3 × ಕೋಟಿ

15,83,976ಕ್ಕೆ ಏಳರ ಸಾಲು: 976 − 83 − 30 = 863, ಶೇಷ 2. ಬಂತು! ಹನ್ನೊಂದರ ಸಾಲಂತೂ ನಮ್ಮ ಅಲ್ಪವಿರಾಮಕ್ಕೇ ಹೇಳಿ ಮಾಡಿಸಿದ ಹಾಗಿದೆ, ಗುಣಿಸುವುದೇ ಇಲ್ಲ: 976 − 83 − 15 = 878, ಶೇಷ 9. ಕೋಟಿ ಇರುವುದಕ್ಕೆ 2,47,15,608 ನೋಡಿ: 608 − 15 − 94 + 6 = 505, ಏಳರ ಶೇಷ 1. ಹಳೆಯ ಮೂರಂಕಿ ಗುಂಪಿನಲ್ಲಿ 608 − 715 + 24 = −83, ಅದಕ್ಕೂ 1. ತಾಳೆಯಾಗುತ್ತದೆ.

ಹಲಗೆಯ ಮೇಲೆ ಇನ್ನೂ ಹಗುರ, ಯಾಕೆಂದರೆ ಗುಂಪುಗಳನ್ನು ಮೊದಲೇ ಸಣ್ಣದು ಮಾಡಬಹುದು. 976ರ ನೂರರ ಅಂಕಿಯನ್ನು ದುಪ್ಪಟ್ಟು ಮಾಡಿ ಉಳಿದ ಎರಡಂಕಿಗೆ ಕೂಡಿ: 18 + 76 = 94, ಶೇಷ 3. ಗೂಟ 3ಕ್ಕೆ. 83ರ ಶೇಷ 6, ಆರು ಮನೆ ಹಿಂದೆ: 4. 15ರ ಶೇಷ 1, ದುಪ್ಪಟ್ಟು 2, ಎರಡು ಮನೆ ಹಿಂದೆ: 2. ಮೂರೇ ನಡೆ. ಕೂಡುವುದು ಗಡಿಯಾರದ ದಿಕ್ಕು, ಕಳೆಯುವುದು ಉಲ್ಟಾ ದಿಕ್ಕು. ಕೆಂಪು ಅಂಕಿಗಳ ಮೇಲೆ ಬಣ್ಣ ಬಳಿಯಲಿಲ್ಲ, ಪಿನ್‌ಕೋಡ್‌ನಂಥ ಅಲ್ಪವಿರಾಮವಿಲ್ಲದ ಸಂಖ್ಯೆಗಳಿಗೆ ಅವು ಬೇಕು.

ಪರೀಕ್ಷೆಗೆ ಒಳ್ಳೆಯ ಸಂಖ್ಯೆ ಬೇಕಾದವರು ನಮ್ಮ ನೆಲದ ಕಡೆಗೇ ತಿರುಗಬಹುದು. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ, 9ನೇ ಶತಮಾನದಲ್ಲೇ, ಹಿಂದುಮುಂದು ಒಂದೇ ಆಗಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಹಾರದಂತೆ ಪೋಣಿಸಿಟ್ಟಿದ್ದಾನೆ. ಅದರಲ್ಲೊಂದು 14,28,57,143 × 7. ಉತ್ತರ ನೂರು ಕೋಟಿ ಒಂದು: 1,00,00,00,001. ಏಳರ ಸಾಲಿಗೆ ಹಾಕಿ: 1 + 300 = 301, 7 × 43, ಗೂಟ ಸೊನ್ನೆಗೆ. ಹನ್ನೊಂದಕ್ಕೆ 1 − 100 = −99. ಹದಿಮೂರಕ್ಕೆ 1 − 300 = −299, ಅಂದರೆ −(13 × 23). ಮೂರೂ ಸೊನ್ನೆ. ಹಲಗೆಯ ಮೂರೂ ಮುಖಗಳ ಪರೀಕ್ಷೆಗೆ ಇದೊಂದೇ ಸಂಖ್ಯೆ ಹಾಕಿ ನೋಡಬಹುದು. 1,11,11,111 ಕೂಡ ಆ ಹಾರದ್ದೇ, 73 × 1,52,207. ಅದು 11ಕ್ಕೆ ಸೊನ್ನೆ, 7ಕ್ಕೆ 4, 13ಕ್ಕೆ 11.

ಮರದ ಕೆಲಸ ಚುಟುಕಾಗಿ. 30 ಸೆಂ.ಮೀ ಚೌಕ, ವೃತ್ತದ ತ್ರಿಜ್ಯ 10 ಸೆಂ.ಮೀ. ಏಳು ತೂತಿಗೆ ಕೈವಾರ 8.68 ಸೆಂ.ಮೀ ತೆರೆಯಬೇಕು. 8.7 ಅಂತ ಹಿಡಿದರೆ ಸುತ್ತಿ ಬರುವಷ್ಟರಲ್ಲಿ ಒಂದೂಮುಕ್ಕಾಲು ಮಿ.ಮೀ ದಾಟಿ ಹೋಗುತ್ತದೆ, ಏಳನೇ ಮನೆ ಸೊಟ್ಟ ಕಾಣುತ್ತದೆ. 6 ಮಿ.ಮೀ ಗೂಟಕ್ಕೆ ಆರೂವರೆಯ ಬಿಟ್. ಪ್ಲೈವುಡ್ ವಿಷಯ ಕೇಳಲೇಬೇಡಿ. 12 ಎಂಎಂ ಎಂದು ಕೊಟ್ಟದ್ದು ದಪ್ಪ ಅಳೆಯುವ ವರ್ನಿಯರ್‌ಗೆ 11 ಕೂಡ ಮುಟ್ಟಲಿಲ್ಲ. "ಎಲ್ಲಾ ಮಾಲ್ ಹಿಂಗೇ ಬರ್ತದ್ರಿ" ಎಂಬುದು ಅಂಗಡಿಯವರ ಉತ್ತರ. ಬಿಲ್ಲಿನಲ್ಲಿ ಮಾತ್ರ 12ಕ್ಕೆ 12ರ ದರವೇ. ಸ್ಟಿಕ್ಕರ್ ಹಾಕಿಕೊಟ್ಟವರು 6ರ ಕೆಳಗೆ ಗೆರೆ ಎಳೆಯಿರಿ ಎಂದು ಬರೆದುಕೊಟ್ಟರೂ ಎಳೆಯಲಿಲ್ಲ. ವೃತ್ತದ ಸುತ್ತ ತಿರುಗಿ ನಿಂತ 6, ಏಳರ ಮುಖದಲ್ಲಿ 9 ಇರಲು ಸಾಧ್ಯವೇ ಇಲ್ಲ ಎಂಬ ತರ್ಕದ ಮೇಲೆ ಬದುಕಿದೆ. ಹಿಂಬದಿಯ 11 ಮತ್ತು 13ರಲ್ಲಿ ಆ ತರ್ಕ ನಡೆಯುವುದಿಲ್ಲ, ಅಲ್ಲಿಗೆ ಬಣ್ಣದ ಕುಂಚವೇ. ಹಿಂಬದಿಯ ವೃತ್ತಗಳನ್ನು ಇದೇ ತ್ರಿಜ್ಯದಲ್ಲಿ ಎಳೆದರೆ ಮುಂದಿನ ತೂತುಗಳಿಗೆ ಡಿಕ್ಕಿಯಾಗುತ್ತವೆ. 13ಕ್ಕೆ 7 ಸೆಂ.ಮೀ ತ್ರಿಜ್ಯ, ಕೈವಾರ 3.35.

ಹಿಂಬದಿ ಮುಗಿಯುವ ಮೊದಲೇ ಮನಸ್ಸು ವಾಡಿ ಜಂಕ್ಷನ್‌ಗೆ ಓಡಿದೆ. ಸಿಮೆಂಟ್ ಹೊರುವ ಗೂಡ್ಸ್ ವ್ಯಾಗನ್ನಿನ ಮೈಮೇಲೆ 11 ಅಂಕಿ ಇರುತ್ತವಲ್ಲ, ಕೊನೆಯದು ಪರೀಕ್ಷಾ ಅಂಕಿ, ಉಳಿದವನ್ನು ಸರಿಯಾಗಿ ಬರೆದಿದೆಯೇ ಎಂದು ನೋಡಲು. ಎಡದಿಂದ ಎಣಿಸಿ ಸಮಸ್ಥಾನದ (2, 4, 6, 8, 10ನೆಯ) ಅಂಕಿಗಳನ್ನು ಕೂಡಿ ಮೂರರಷ್ಟು ಮಾಡಿ, ಕೊನೆಯದನ್ನು ಬಿಟ್ಟು ಬೆಸಸ್ಥಾನದವನ್ನು ಸೇರಿಸಿ, ಮುಂದಿನ ಹತ್ತಕ್ಕೆ ಎಷ್ಟು ಬೇಕೋ ಅದೇ ಹನ್ನೊಂದನೆಯ ಅಂಕಿ. ಇದಕ್ಕೆ ಗೂಟ ಬೇಡ, ಮನೆಗಳನ್ನು ಕತ್ತರಿಸಿದ ರಟ್ಟಿನ ಜಾರುಪಟ್ಟಿ ಸಾಕು: ಸಮಸ್ಥಾನದ ಕಿಟಕಿಗೆ ಕೆಂಪು, ಬೆಸಕ್ಕೆ ಕಪ್ಪು. ಒಂದು ದೌರ್ಬಲ್ಯವಿದೆ. ಮೊದಲ ಹತ್ತರಲ್ಲಿ ಅಕ್ಕಪಕ್ಕದ ಅಂಕಿ ಅದಲುಬದಲಾದರೆ ಮೊತ್ತ ಬದಲಾಗುವುದು ಅವುಗಳ ವ್ಯತ್ಯಾಸದ ಎರಡರಷ್ಟು. ವ್ಯತ್ಯಾಸ 5 ಆಗಿದ್ದರೆ ಬದಲಾವಣೆ 10, ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಜಾರುಪಟ್ಟಿಯ ಬೆನ್ನಿಗೆ 0-5, 1-6, 2-7, 3-8, 4-9 ಎಂದು ಬರೆದಿಟ್ಟುಕೊಳ್ಳಬೇಕು. ಈ ಜೋಡಿ ಪಕ್ಕಪಕ್ಕ ಕಂಡಲ್ಲಿ ವ್ಯಾಗನ್ನಿನ ಫೋಟೊ ಹಿಗ್ಗಿಸಿ ಇನ್ನೊಮ್ಮೆ ಓದುವುದೇ ದಾರಿ.