ಪ್ರಚಂಡ್ ಹೆಲಿಕಾಪ್ಟರ್: ಒಂದೊಂದು ಕೆಜಿಗೂ ಲೆಕ್ಕ

ನಮ್ಮ ಡಿಪ್ಲೊಮಾ ಹುಡುಗರು ಮೊನ್ನೆ ಕ್ಲಾಸಲ್ಲಿ ಕೇಳಿದ ಪ್ರಶ್ನೆ ಇದು. "ಸರ್, ಎಚ್‌ಎಎಲ್‌ನವರ ಯುದ್ಧ ಹೆಲಿಕಾಪ್ಟರ್ ಪ್ರಚಂಡ್ ಮೊದಲು ಹಾರಿದ್ದು 2010ರಲ್ಲಿ. ವಾಯುಪಡೆಗೆ ಸೇರಿದ್ದು 2022ರಲ್ಲಿ. ಅಷ್ಟು ವರ್ಷ ಏನ್ ಮಾಡ್ತಿದ್ರು?" ಒಳ್ಳೆ ಪ್ರಶ್ನೆ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಪಾಠ ಹೇಳುವ ನನಗೆ ಈ ವಿಷಯ ತುಂಬಾ ಇಷ್ಟ, ಹಾಗಾಗಿ ಒಂದು ಪಿರಿಯಡ್‌ನಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದರ ಬೇರು ಕಾರ್ಗಿಲ್‌ನಲ್ಲಿದೆ. 1999ರ ಮೇ 28ರಂದು ತೋಲೋಲಿಂಗ್ ಹತ್ತಿರ ನಮ್ಮ ವಾಯುಪಡೆಯ ಒಂದು ಎಂಐ-17 ಹೆಲಿಕಾಪ್ಟರನ್ನು ಶತ್ರುಗಳು ಕ್ಷಿಪಣಿಯಿಂದ ಹೊಡೆದುರುಳಿಸಿದರು. ಅದರಲ್ಲಿದ್ದ ನಾಲ್ವರೂ ಪ್ರಾಣ ಕೊಟ್ಟರು. ಎಂಐ-17 ಮೂಲತಃ ಜನ, ಸಾಮಾನು ಸಾಗಿಸುವ ಹೆಲಿಕಾಪ್ಟರ್. ದಾಳಿಗೆಂದೇ ಇದ್ದ ಎಂಐ-35 ಅಷ್ಟು ಎತ್ತರದಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ, ಅದಕ್ಕೇ ಸಾಗಾಟದ ಹೆಲಿಕಾಪ್ಟರ್‌ಗೆ ರಾಕೆಟ್ ಕಟ್ಟಿ ಕಳಿಸಬೇಕಾಯಿತು. ಆ ನಾಲ್ವರನ್ನು ನೆನೆಯದೆ ಪ್ರಚಂಡ್ ಬಗ್ಗೆ ಮಾತಾಡುವುದು ನನಗೆ ಸರಿ ಅನಿಸುವುದಿಲ್ಲ.

ಎತ್ತರದಲ್ಲಿ ಅಷ್ಟೇನು ಕಷ್ಟ? 5,000 ಮೀಟರ್ ಎತ್ತರದಲ್ಲಿ ಗಾಳಿಯ ದಟ್ಟಣೆ ಸಮುದ್ರಮಟ್ಟದಲ್ಲಿ ಇರುವುದರ ಸುಮಾರು ಶೇ 60 ಮಾತ್ರ. ರೆಕ್ಕೆ ಎಷ್ಟೇ ಜೋರಾಗಿ ತಿರುಗಲಿ, ಕೆಳಕ್ಕೆ ತಳ್ಳಲು ಗಾಳಿಯೇ ಕಡಿಮೆ. ಎಂಜಿನ್‌ಗೂ ಉಸಿರಾಡಲು ಅದೇ ತೆಳು ಗಾಳಿ, ಅದರ ಶಕ್ತಿಯೂ ಕುಸಿಯುತ್ತದೆ. ಎರಡೂ ಕಡೆಯಿಂದ ಹೊಡೆತ. ಇಷ್ಟರ ಮೇಲೆ ಬಂದೂಕು, ರಾಕೆಟ್, ಇಂಧನ, ಇಬ್ಬರು ಪೈಲಟ್‌ಗಳು, ಅವರನ್ನು ಕಾಪಾಡುವ ಕವಚ, ಇಷ್ಟೂ ಮೇಲೇಳಬೇಕು. ಹಾಗಾಗಿ ತೂಕ ಇಳಿಸುವುದೇ ದೊಡ್ಡ ಕೆಲಸ.

ಎಚ್‌ಎಎಲ್ ಎಂಜಿನಿಯರುಗಳು ಇದನ್ನು ಸೊನ್ನೆಯಿಂದ ಶುರು ಮಾಡಲಿಲ್ಲ, ಅದು ಜಾಣತನ. 1992ರಲ್ಲೇ ಹಾರಿದ ಧ್ರುವ್ ಹೆಲಿಕಾಪ್ಟರ್ ಕೈಯಲ್ಲಿತ್ತು. ಅದರ ರೋಟರ್, ಗೇರ್‌ಬಾಕ್ಸ್ ವ್ಯವಸ್ಥೆಯನ್ನೇ ಹೆಚ್ಚುಕಮ್ಮಿ ಇಟ್ಟುಕೊಂಡು ಒಡಲನ್ನು ಹೊಸದಾಗಿ ಮಾಡಿದರು. ಪೈಲಟ್‌ಗಳು ಅಕ್ಕಪಕ್ಕ ಕೂರುವ ಬದಲು ಒಬ್ಬರ ಹಿಂದೆ ಒಬ್ಬರು ಕೂರುತ್ತಾರೆ, ಮುಂದಿನಿಂದ ನೋಡಿದರೆ ಹೆಲಿಕಾಪ್ಟರ್ ತೆಳ್ಳಗೆ ಕಾಣುತ್ತದೆ, ಶತ್ರುವಿಗೆ ಗುರಿ ಸಣ್ಣದಾಗುತ್ತದೆ. ಎಂಜಿನ್ ಎರಡು, ಹೆಸರು "ಶಕ್ತಿ", ಫ್ರಾನ್ಸ್‌ನ ಟರ್ಬೊಮೆಕಾ ಕಂಪನಿ ಜೊತೆ ಸೇರಿ ಎತ್ತರದ ಜಾಗಕ್ಕೆಂದೇ ಬೆಳೆಸಿದ್ದು. ಮೂತಿಯ ಕೆಳಗೆ 20 ಎಂಎಂ ಬಂದೂಕು ಇದೆ. ಅದು ಹೆಲ್ಮೆಟ್‌ನ ಗುರಿಸೂಚಕಕ್ಕೆ ಜೋಡಣೆಯಾಗಿದೆ, ಪೈಲಟ್ ತಲೆ ತಿರುಗಿಸಿ ನೋಡಿದ ಕಡೆಗೆ ಬಂದೂಕೂ ತಿರುಗುತ್ತದೆ. ಜೊತೆಗೆ 70 ಎಂಎಂ ರಾಕೆಟ್, ಆಕಾಶದಲ್ಲೇ ಗುರಿ ಹೊಡೆಯುವ ಮಿಸ್ಟ್ರಲ್ ಕ್ಷಿಪಣಿ. ಇಷ್ಟೆಲ್ಲ ಹೊತ್ತರೂ ಗರಿಷ್ಠ ತೂಕ 5.8 ಟನ್. ಅಮೆರಿಕದ ಅಪಾಚೆ 10 ಟನ್ ದಾಟುತ್ತದೆ.

ನಮ್ಮ ವರ್ಕ್‌ಶಾಪಲ್ಲಿ ಹುಡುಗರು ಒಂದು ಶಾಫ್ಟ್ ಕಡೆದು ತಂದಾಗ ಅಳತೆಗಿಂತ ಸ್ವಲ್ಪ ದಪ್ಪ ಉಳಿದಿದ್ದರೆ, "ಇರ್ಲಿ ಬಿಡಿ ಸರ್, ಗಟ್ಟಿಯಾಗಿರುತ್ತೆ" ಅನ್ನುತ್ತಾರೆ. ಟ್ರ್ಯಾಕ್ಟರ್ ಟ್ರೇಲರ್‌ಗಾದರೆ ನಡೆಯುತ್ತದೆ. ಹೆಲಿಕಾಪ್ಟರ್‌ನಲ್ಲಿ ಆ "ಇರ್ಲಿ ಬಿಡಿ" ನಡೆಯುವುದಿಲ್ಲ. ಒಂದೊಂದು ಬಿಡಿಭಾಗದಲ್ಲೂ ಬೇಡದ ಲೋಹ ಉಳಿದರೆ ಕೊನೆಗೆ ಅಷ್ಟು ರಾಕೆಟ್ ಇಳಿಸಬೇಕಾಗುತ್ತದೆ. 2010ರ ಮಾರ್ಚ್ 29ರಂದು ಬೆಂಗಳೂರಲ್ಲಿ ಹಾರಿದ ಮೊದಲ ಮಾದರಿ ಬೇಕಾದ್ದಕ್ಕಿಂತ ಜಾಸ್ತಿ ತೂಕವಿತ್ತು. 2011ರ ಜೂನ್‌ನಲ್ಲಿ ಬಂದ ಎರಡನೆಯದು ಸಾಕಷ್ಟು ಹಗುರವಾಗಿತ್ತು. ಈ ಎರಡರ ನಡುವೆ ನಡೆದ ದುಡಿಮೆ ಪತ್ರಿಕೆಗಳಲ್ಲಿ ಬರುವುದಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಇಡೀ ಯೋಜನೆಯ ಜೀವ ಅಲ್ಲೇ ಇದೆ.

ಆಮೇಲೆ ಪರೀಕ್ಷೆಗಳು. 2015ರ ಚಳಿಗಾಲದಲ್ಲಿ ಲೇಹ್ ಕಡೆ 4,100 ಮೀಟರ್ ಎತ್ತರದಲ್ಲಿ ಹೆಲಿಕಾಪ್ಟರನ್ನು ರಾತ್ರಿಯಿಡೀ ಹೊರಗೆ ಬಿಟ್ಟು, ಮೈನಸ್ 18 ಡಿಗ್ರಿಯಲ್ಲಿ ಅದರದೇ ಬ್ಯಾಟರಿಯಿಂದ ಎಂಜಿನ್ ಸ್ಟಾರ್ಟ್ ಮಾಡಿದರು. ಅಂಥ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿರುತ್ತದೆ, ಬ್ಯಾಟರಿ ಅರ್ಧ ಸತ್ತಿರುತ್ತದೆ. ಅದೇ ವರ್ಷ ಜೋಧಪುರದ ಬಿಸಿಲಲ್ಲಿ ಹಾರಿಸಿದರು. ಸಿಯಾಚಿನ್‌ನಲ್ಲೂ ಇಳಿಸಿದರು. 2019ರ ಜನವರಿಯಲ್ಲಿ ಒಡಿಶಾದ ಚಾಂದೀಪುರದಲ್ಲಿ ಹಾರುವ ಗುರಿಯನ್ನು ಕ್ಷಿಪಣಿಯಿಂದ ಹೊಡೆಯುವ ಪರೀಕ್ಷೆಯೂ ಪಾಸಾಯಿತು.

ಹಾಗಾದರೆ ತಡ ಎಲ್ಲಿ? ನನ್ನ ಮಟ್ಟಿಗೆ ತಡವಾಗಿದ್ದರಲ್ಲಿ ದೊಡ್ಡ ಪಾಲು ಆರ್ಡರ್‌ನದು. 2017ರ ಆಗಸ್ಟ್‌ನಲ್ಲೇ ಬೆಂಗಳೂರಲ್ಲಿ ಉತ್ಪಾದನೆಗೆ ಚಾಲನೆ ಕೊಟ್ಟರು. 2020ರಲ್ಲಿ ಚೀನಾ ಜೊತೆ ಜಟಾಪಟಿ ನಡೆದಾಗ ಎರಡು ಹೆಲಿಕಾಪ್ಟರ್ ಲಡಾಖ್‌ಗೆ ಹೋದವು. ಆದರೂ 15 ಹೆಲಿಕಾಪ್ಟರ್ ಕೊಳ್ಳಲು ಸಂಪುಟ ಸಮಿತಿ ಒಪ್ಪಿದ್ದು 2022ರ ಮಾರ್ಚ್‌ನಲ್ಲಿ, 3,887 ಕೋಟಿ ರೂಪಾಯಿಗೆ. ಆ ಅಕ್ಟೋಬರ್ 3ರಂದು ಜೋಧಪುರದಲ್ಲಿ ಪ್ರಚಂಡ್ ಎಂಬ ಹೆಸರು ಬಂತು. ಗಡಿಯಲ್ಲಿ ನಿಲ್ಲಿಸುವಷ್ಟು ನಂಬಿಕೆ ಇದ್ದ ಮೇಲೆ ಕೊಳ್ಳಲು ಅಷ್ಟು ವರ್ಷ ಯಾಕೆ ಬೇಕಿತ್ತು ಅಂತ ನನಗೆ ಈಗಲೂ ಬೇಜಾರು.

ಈಗ ಗಾಳಿ ತಿರುಗಿದೆ. 2025ರ ಮಾರ್ಚ್ 28ರಂದು 156 ಹೆಲಿಕಾಪ್ಟರ್‌ಗಳಿಗೆ 62,700 ಕೋಟಿ ರೂಪಾಯಿಯ ಒಪ್ಪಂದ ಆಯಿತು, 90 ಭೂಸೇನೆಗೆ, 66 ವಾಯುಪಡೆಗೆ. ತಯಾರಾಗುವುದು ಬೆಂಗಳೂರು ಮತ್ತು ತುಮಕೂರಲ್ಲಿ. ತುಮಕೂರು ಅಂದರೆ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆ ಕಾರ್ಖಾನೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆದದ್ದು. ಕಾವಲು, ಅಂದರೆ ದನ ಮೇಯುವ ಹುಲ್ಲುಗಾವಲು, ಅಂದ ಕೂಡಲೇ ಚಿತ್ರದುರ್ಗದ ಕಡೆಯವರಿಗೆ ಚಳ್ಳಕೆರೆ ನೆನಪಾಗುತ್ತದೆ ಅಲ್ವಾ? ಅಲ್ಲೂ ಅಮೃತಮಹಲ್ ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷಾ ಕೇಂದ್ರ 2017ರಲ್ಲಿ ಶುರುವಾಯಿತು. ದನ ಕುರಿ ಮೇಯಿಸುವವರ ಹುಲ್ಲುಗಾವಲು ಹೋಯಿತು ಅಂತ ಜಗಳ ಹಸಿರು ನ್ಯಾಯಮಂಡಳಿವರೆಗೂ ಹೋಗಿತ್ತು. ದೇಶಕ್ಕೆ ಈ ಕೇಂದ್ರಗಳು ಬೇಕು, ನಾನೂ ಒಪ್ಪುತ್ತೇನೆ. ಹಾಗಂತ ನೆಲ ಕಳೆದುಕೊಂಡವರ ಮನೆ ಮಕ್ಕಳಿಗೆ ಬರೀ ಗೇಟ್ ಕಾಯುವ ಕೆಲಸ ಸಿಕ್ಕರೆ ಸಾಲದು.

ಈ ಆರ್ಡರ್‌ನಲ್ಲಿ ದೇಶದ 250ಕ್ಕೂ ಹೆಚ್ಚು ಕಂಪನಿಗಳಿಗೆ ಕೆಲಸ ಸಿಗುತ್ತದೆ, ಬಹುಪಾಲು ಸಣ್ಣ ಉದ್ದಿಮೆಗಳಿಗೇ ಅಂತ ಸರ್ಕಾರ ಹೇಳಿದೆ. ಹೆಲಿಕಾಪ್ಟರ್ ಕೊಡುವುದು ಮೂರನೇ ವರ್ಷದಿಂದ, ಅಂದರೆ ಸುಮಾರು 2028ರಿಂದ. 2025ರಲ್ಲಿ ಡಿಪ್ಲೊಮಾ ಸೇರಿದವರು ಕೈಯಲ್ಲಿ ಸರ್ಟಿಫಿಕೇಟ್ ಹಿಡಿಯುವುದೂ ಅದೇ ಹೊತ್ತಿಗೆ. ಹಾಗಾಗಿ ಈಗ ನಮ್ಮ ವರ್ಕ್‌ಶಾಪಲ್ಲಿ ಒಂದು ನಿಯಮ ಮಾಡಿದ್ದೇನೆ: ಪ್ರತಿ ಬಿಡಿಭಾಗವನ್ನೂ ಮೈಕ್ರೊಮೀಟರ್‌ನಲ್ಲಿ ಅಳೆದು, ಅಳತೆ ಬರೆದು, ಅಳೆದವರು ಸಹಿ ಹಾಕಬೇಕು. ವಿಮಾನದ ಬಿಡಿಭಾಗ ಮಾಡುವ ಕಡೆ ದಾಖಲೆ ಇಲ್ಲದ ಸಾಮಾನನ್ನು ಯಾರೂ ಮುಟ್ಟುವುದಿಲ್ಲ, ಅದು ಎಷ್ಟೇ ಚೆನ್ನಾಗಿರಲಿ. ಹುಡುಗರು ಗೊಣಗುತ್ತಾರೆ, ಆದರೂ ಬರೆಯುತ್ತಿದ್ದಾರೆ. ದಾವಣಗೆರೆ, ಹರಿಹರ, ಚಿತ್ರದುರ್ಗದಲ್ಲಿ ಸಣ್ಣ ಮಷಿನ್ ಶಾಪ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ವಿಮಾನ ಕ್ಷೇತ್ರದ ಗುಣಮಟ್ಟದ ಪ್ರಮಾಣಪತ್ರ ತೆಗೆದುಕೊಳ್ಳುವ ಬಗ್ಗೆ ಈಗಲೇ ವಿಚಾರಿಸಿ. ಅದಕ್ಕೆ ಸಮಯ ಹಿಡಿಯುತ್ತದೆ.