ಸ್ಯಾಕ್ಸೊಫೋನ್ ಮೈಕಿಗೆ ಗೇಟ್ ಹಾಕುವ ಮುಂಚೆ

ಲೈವ್ ಸೌಂಡ್ ನನ್ನ ಕೆಲಸ. ಸಂಗೀತ ಕಛೇರಿ, ಮದುವೆ, ಕಾಲೇಜು ಫೆಸ್ಟ್, ಯಾವುದಕ್ಕೂ ಇಲ್ಲ ಅನ್ನಲ್ಲ. ಆದರೆ ಸ್ಯಾಕ್ಸೊಫೋನಿಗೆ ಮೈಕ್ ಇಡುವುದನ್ನು ನಾನು ಸರಿಯಾಗಿ ಕಲಿತದ್ದು ಟಿಕೆಟ್ ತಗೊಂಡು ಕೇಳಲು ಹೋದ ಒಂದು ಕಾರ್ಯಕ್ರಮದಲ್ಲಿ.

ಆಗ ಅಮೆರಿಕದಲ್ಲಿ ಒಂದು ಸೌಂಡ್ ಬಾಡಿಗೆ ಕಂಪನಿಯಲ್ಲಿದ್ದೆ. ಕದ್ರಿ ಗೋಪಾಲನಾಥರು ಅಲ್ಲಿನ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜಾಝ್ ತಂಡದ ಜೊತೆ ನುಡಿಸುತ್ತಾರೆ ಅಂತ ಗೊತ್ತಾಯಿತು. ಬಂಟ್ವಾಳದ ಕಡೆಯವನಿಗೆ ಇನ್ನೇನು ಬೇಕು? ಕದ್ರಿಯವರು ನಮ್ಮ ಸಜೀಪದವರು. ತಂದೆ ನಾಗಸ್ವರ ನುಡಿಸುತ್ತಿದ್ದವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಅದರಲ್ಲಿ ಗಮಕ, ಅಂದರೆ ಸ್ವರದ ಓಲಾಟ, ಜಾರು ತರಲು ವರ್ಷಗಟ್ಟಲೆ ಒದ್ದಾಡಿದವರು. ಈಗ ಮಂಗಳೂರು ಕಡೆ ಮದುವೆ, ನೇಮಗಳಲ್ಲಿ (ಭೂತಾರಾಧನೆ) ಸ್ಯಾಕ್ಸೊಫೋನ್ ಸಾಮಾನ್ಯ ಅಲ್ವಾ, ಅದರಲ್ಲಿ ಅವರ ಪಾಲು ದೊಡ್ಡದು. ಜಾಝ್ ಕೂಡ ಅವರಿಗೆ ಹೊಸದಲ್ಲ. 1980ರಲ್ಲೇ ಬಾಂಬೆಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಜೊತೆ ನುಡಿಸಿದ್ದರು. ಮಹಾಂತಪ್ಪ ಜೊತೆಗಿನ ಆಲ್ಬಂ ಬಂದದ್ದು 2008ರಲ್ಲಿ. (ಮಹಾಂತಪ್ಪ ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಮನೆತನ ಯಾವ ಕಡೆಯದು ಅಂತ ಕನ್ನಡಿಗರಿಗೆ ಹೇಳಬೇಕಿಲ್ಲ.)

ನಿಜ ಹೇಳಬೇಕಂದ್ರೆ ಫ್ಯೂಷನ್ ಅಂದರೆ ನನಗೆ ಸ್ವಲ್ಪ ಭಯ. ಎಷ್ಟೋ ಸಲ ಎಲ್ಲಾ ಕಲಸಿ ಚಿತ್ರಾನ್ನ ಆಗಿರುತ್ತೆ. ಅದಕ್ಕೆ ಅರ್ಧ ಕಾರಣ ನಮ್ಮಂಥ ಸೌಂಡಿನವರೇ.

ವೇದಿಕೆ ನೋಡಿದಾಗಲೂ ಹಾಗೇ ಅನ್ನಿಸಿತು. ಎರಡು ಆಲ್ಟೊ ಸ್ಯಾಕ್ಸೊಫೋನ್. ಕದ್ರಿಯವರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ, ಜೊತೆಗೆ ಪಿಟೀಲು, ಮೃದಂಗ. ಮಹಾಂತಪ್ಪ ನಿಂತಿದ್ದಾರೆ, ಅವರ ಕಡೆ ಗಿಟಾರ್, ಡಬಲ್ ಬೇಸ್, ಡ್ರಮ್ಸ್. ಮೃದಂಗ ಪಕ್ಕದಲ್ಲೇ ಇದ್ದರೆ ಅದರ ಸದ್ದು ಸ್ಯಾಕ್ಸ್ ಮೈಕಿಗೆ ಬಂದೇ ಬರುತ್ತೆ. ಅದಕ್ಕೆ ನಮ್ಮಲ್ಲಿ ಸುಲಭದ ಉಪಾಯ ನಾಯ್ಸ್ ಗೇಟ್. ವಾದ್ಯದ ಸದ್ದು ಒಂದು ಮಟ್ಟಕ್ಕಿಂತ ಕೆಳಗಿಳಿದ ತಕ್ಷಣ ಗೇಟ್ ಮೈಕನ್ನು ಮುಚ್ಚಿಬಿಡುತ್ತೆ.

ಆದರೆ ಗಮಕದ ಜೀವ ಇರುವುದೇ ಆ ಮಟ್ಟದ ಕೆಳಗೆ. ಮಹಾಂತಪ್ಪ ಅವರ ಸ್ವರಗಳಿಗೆ ಚೂಪಾದ ಅಂಚಿತ್ತು, ಒಂದರ ಹಿಂದೆ ಒಂದು ರಭಸದಿಂದ ಬರುತ್ತಿದ್ದವು. ಕದ್ರಿಯವರ ಸ್ವರ ತೆಳ್ಳಗಾಗುತ್ತಾ, ಅಲುಗುತ್ತಾ ಪಕ್ಕದ ಸ್ವರಕ್ಕೆ ಜಾರುತ್ತಿತ್ತು. ಆ ತುದಿಯನ್ನು ಗೇಟ್ ಕತ್ತರಿಸಿದರೆ ಉಳಿಯುವುದು ಬರೀ ಸ್ವರ, ರಾಗ ಅಲ್ಲ. ಇನ್ನು ಕಂಪ್ರೆಸರ್ (ಜೋರು ಸದ್ದು, ಮೆಲು ಸದ್ದುಗಳ ಅಂತರ ತಗ್ಗಿಸುವ ಸಾಧನ) ಹಾಕಿ ಮೆಲುದನಿಯನ್ನು ಮೇಲೆತ್ತಿದರೆ ಅದರ ಜೊತೆ ಮೃದಂಗವೂ ಮೇಲೆ ಬರುತ್ತೆ.

ಅಲ್ಲಿ ಎಲ್ಲವೂ ಕೇಳುತ್ತಿತ್ತು. ನಾನು ಮಿಕ್ಸರ್ ಪಕ್ಕದಲ್ಲೇ ಕೂತಿದ್ದೆ (ದುರಭ್ಯಾಸ). ಆ ಇಂಜಿನಿಯರ್ ಕೈ ಹೆಚ್ಚಾಗಿ ಸುಮ್ನೆ ಇತ್ತು. ಮುಗಿದ ಮೇಲೆ ಹೋಗಿ ಕೇಳಿದೆ. ಕದ್ರಿಯವರ ಮೈಕಿಗೆ ಗೇಟೂ ಇಲ್ಲ, ಕಂಪ್ರೆಸರೂ ಇಲ್ಲ. ಮೈಕ್ ಒಂದೂವರೆ ಅಡಿ ದೂರ, ವಾದ್ಯದ ನಡುವಿಗೆ ಗುರಿ. ಅದರಲ್ಲಿ ಮೃದಂಗ ಎಷ್ಟು ಬರುತ್ತೋ ಬರಲಿ ಅಂತ ಬಿಟ್ಟು, ಮೃದಂಗದ ಸ್ವಂತ ಮೈಕನ್ನೇ ಅಷ್ಟು ಇಳಿಸಿದ್ದ. ಎರಡು ಸ್ಯಾಕ್ಸುಗಳನ್ನೂ ಒಂದೇ ಥರ ಕೇಳಿಸಲು ಹೋಗಿರಲಿಲ್ಲ. ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಸ್ವಲ್ಪ ಸರಿಸಿದ್ದ, ಅಷ್ಟೇ.

ನಡುವಿಗೇ ಯಾಕೆ ಅಂದರೆ, ಸ್ಯಾಕ್ಸೊಫೋನಿನ ಸದ್ದೆಲ್ಲ ಅಗಲ ಬಾಯಿಂದಲೇ ಬರುತ್ತೆ ಅನ್ನುವುದು ತಪ್ಪು ಕಲ್ಪನೆ. ತೀರಾ ಕೆಳಗಿನ ಸ್ವರಗಳು ಮಾತ್ರ ಹೆಚ್ಚಾಗಿ ಅಲ್ಲಿಂದ ಬರುತ್ತವೆ. ಉಳಿದವು ಮೈಮೇಲಿನ ತೆರೆದ ರಂಧ್ರಗಳಿಂದ ಹೊರಡುತ್ತವೆ. ಬಾಯಿಗೇ ಮೈಕ್ ಸಿಕ್ಕಿಸಿದರೆ ಕೆಳಗಿನ ಸ್ವರ ಗುದ್ದುತ್ತೆ, ಮೇಲಿನದು ಬಡಕಲಾಗುತ್ತೆ.

ಈಗ ಬೆಂಗಳೂರಿನಲ್ಲಿ ನನ್ನ ಜೊತೆ ಹುಡುಗರಿದ್ದಾರೆ. ಮೊನ್ನೆ ಒಂದು ಕಛೇರಿಯಲ್ಲಿ ಒಬ್ಬ ಕೇಳಿದ, "ಅಣ್ಣಾ, ಸ್ಯಾಕ್ಸ್ ಮೈಕಲ್ಲಿ ಮೃದಂಗ ಜಾಸ್ತಿ ಬರ್ತಿದೆ, ಗೇಟ್ ಹಾಕ್ಲಾ?"

"ಬೇಡ ಮಾರಾಯ. ಮೈಕ್ ತಿರುಗಿಸು, ಮೃದಂಗಕ್ಕೆ ಅದರ ಬೆನ್ನು ಬರ್ಲಿ. ಬೆನ್ನ ಕಡೆ ಅದಕ್ಕೆ ಕಮ್ಮಿ ಕೇಳ್ಸುತ್ತೆ."

ಹಿರಿಯ ಕಲಾವಿದರಾದರೆ ಇನ್ನೂ ಸುಲಭ. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅನ್ನುವುದು ಅವರ ಉಸಿರಿನಲ್ಲೇ ಇರುತ್ತೆ. ನಾವು ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) ಹಿಡಿದು ಅವರ ಹಿಂದೆ ಓಡಿದರೆ ಕಷ್ಟ ಇಬ್ಬರಿಗೂ.

ಮೆರವಣಿಗೆಯಲ್ಲಿ ನಡೆದುಕೊಂಡು ನುಡಿಸುವವರಿಗೆ ವಾದ್ಯದ ಬಾಯಿಗೇ ಸಿಕ್ಕಿಸುವ ಕ್ಲಿಪ್ ಮೈಕ್ ಬಿಟ್ಟರೆ ಬೇರೆ ದಾರಿಯಿಲ್ಲ. ಆಗ ಮೈಕಿನ ಕತ್ತನ್ನು ಬೆರಳುಗಳ ಕಡೆ ಬಗ್ಗಿಸಿ, ಕೆಳಗಿನ ಸದ್ದನ್ನು ಸ್ವಲ್ಪ ಇಳಿಸುತ್ತೇನೆ. ಪಕ್ಕದಲ್ಲಿ ಚೆಂಡೆ ಇದ್ದರೂ ಗೇಟ್ ಹಾಕಲ್ಲ. ಚೆಂಡೆಯವರಿಗೆ ಮೈಕ್ ಕೊಡುವುದನ್ನೇ ಬಿಡುತ್ತೇನೆ. ಅವರಿಗಂತೂ ಅದು ಬೇಕಾಗಿಯೂ ಇಲ್ಲ.